ವಾರ್ಷಿಕ ಶುಲ್ಕವಿಲ್ಲದ ಏರ್‌ಲೈನ್ ಕಾರ್ಡು: ನಾಲ್ಕನ್ನು ಅಳೆದು ನೋಡಿದೆ, ಒಂದನ್ನು ಇಟ್ಟುಕೊಂಡೆ

2022ರ ಅಕ್ಟೋಬರ್ ತಿಂಗಳ ಕ್ರೆಡಿಟ್ ಕಾರ್ಡ್ ಬಿಲ್ಲಿನಲ್ಲಿ 99 ಡಾಲರ್‌ನ ಒಂದು ಸಾಲು ಇತ್ತು. ನಾನು ಏನನ್ನೂ ಕೊಂಡಿರಲಿಲ್ಲ. ನಮ್ಮ ಯಜಮಾನರೂ ಕೊಂಡಿರಲಿಲ್ಲ. ಇಬ್ಬರೂ ಕೂತು ಓದಿದಾಗ ಗೊತ್ತಾಯಿತು, ಅದು ಕಾರ್ಡಿನ ವಾರ್ಷಿಕ ಶುಲ್ಕ. ಹಿಂದಿನ ವರ್ಷ ವಿಮಾನದಲ್ಲಿ ಗಗನಸಖಿ ಮೈಕಿನಲ್ಲಿ ಕಾರ್ಡಿನ ಬಗ್ಗೆ ಹೇಳಿ, ಸೀಟಿನ ಸಾಲುಗಳ ನಡುವೆ ಅರ್ಜಿ ಹಂಚಿಕೊಂಡು ಹೋಗಿದ್ದರು. ಅರ್ಜಿಯ ಮೇಲೆ ಶುಲ್ಕ ಸೊನ್ನೆ ಅಂತ ದಪ್ಪ ಅಕ್ಷರದಲ್ಲಿ ಇತ್ತು. ಅದರ ಕೆಳಗೆ ಸಣ್ಣದಾಗಿ, ಮೊದಲ ವರ್ಷಕ್ಕೆ ಮಾತ್ರ ಅಂತ. ಆ ಸಾಲನ್ನು ನಾನು ಓದಿರಲಿಲ್ಲ.

ಆ ಕಂಪನಿಯ ಹೆಸರು ಇಲ್ಲಿ ಬೇಡ. ಅವರು ಬರೆದೇ ಇದ್ದರು. ಆದರೆ ಆ ದಿನದಿಂದ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಅಮೆರಿಕದಲ್ಲಿ ಏರ್‌ಲೈನ್ ಕಾರ್ಡು, ಅಂದರೆ ವಿಮಾನ ಕಂಪನಿಯ ಹೆಸರಿನಲ್ಲಿ ಬ್ಯಾಂಕು ಕೊಡುವ ಕ್ರೆಡಿಟ್ ಕಾರ್ಡು ಹುಡುಕುವಾಗ ‘ಮೊದಲ ವರ್ಷ ಸೊನ್ನೆ’ ಬೇರೆ, ‘ಯಾವಾಗಲೂ ಸೊನ್ನೆ’ ಬೇರೆ. ಎರಡನ್ನೂ ಒಂದೇ ಥರ ಜಾಹೀರಾತು ಮಾಡುತ್ತಾರೆ. ನಾನು ಇಲ್ಲಿ ಬರೆಯುತ್ತಿರುವುದು ಎರಡನೆಯ ಜಾತಿಯ ಬಗ್ಗೆ ಮಾತ್ರ.

ಆ ಬಿಲ್ಲು ನೋಡಿದ ಸಿಟ್ಟಿನಲ್ಲಿ ನಾನು ಕಾರ್ಡನ್ನೇ ಮುಚ್ಚಿಸಿದೆ. ಅದು ಅವಸರದ ಕೆಲಸ. ಬ್ಯಾಂಕಿಗೆ ಫೋನ್ ಮಾಡಿ, ಈ ಕಾರ್ಡನ್ನು ಶುಲ್ಕವಿಲ್ಲದ ಕಾರ್ಡಿಗೆ ಇಳಿಸಿಕೊಡಿ ಅಂತ ಕೇಳಬಹುದಿತ್ತು. ಹಾಗೆ ಇಳಿಸಿಕೊಂಡರೆ ಖಾತೆಯ ವಯಸ್ಸು ಹಾಗೇ ಮುಂದುವರಿಯುತ್ತದೆ. ಅಮೆರಿಕದಲ್ಲಿ ಸಾಲ ಕೊಡುವವರು ನೋಡುವ ಫೈಕೋ ಸ್ಕೋರಿನಲ್ಲಿ ಸಾಲದ ಇತಿಹಾಸ ಎಷ್ಟು ಹಳೆಯದು ಅನ್ನುವುದಕ್ಕೆ 15 ಪರ್ಸೆಂಟ್ ತೂಕ ಇದೆ. ಸಮಯಕ್ಕೆ ಕಟ್ಟುತ್ತೀರಾ ಅನ್ನುವುದಕ್ಕೆ 35, ಮಿತಿಯಲ್ಲಿ ಎಷ್ಟು ಬಳಸಿದ್ದೀರಿ ಅನ್ನುವುದಕ್ಕೆ 30. ಶುಲ್ಕವಿಲ್ಲದ ಕಾರ್ಡಿನ ದೊಡ್ಡ ಗುಣ ನನ್ನ ಲೆಕ್ಕದಲ್ಲಿ ಇದೇ. ಅದನ್ನು ಹತ್ತು ವರ್ಷ ಡ್ರಾಯರ್‌ನಲ್ಲಿ ಇಟ್ಟರೂ ಏನೂ ಖರ್ಚಿಲ್ಲ, ಆಗಾಗ ಒಂದು ಸಣ್ಣ ಖರೀದಿ ಮಾಡುತ್ತಿದ್ದರೆ ಸಾಕು.

ನಾವಿರುವುದು ನ್ಯೂಜೆರ್ಸಿಯ ಎಡಿಸನ್‌ನಲ್ಲಿ. ಯಜಮಾನರು ಮೆಟ್ರೋಪಾರ್ಕ್ ಸ್ಟೇಷನ್ನಿನಿಂದ ನ್ಯೂಜೆರ್ಸಿ ಟ್ರಾನ್ಸಿಟ್ ರೈಲು ಹಿಡಿದು ನ್ಯೂಯಾರ್ಕಿನ ಪೆನ್ ಸ್ಟೇಷನ್‌ಗೆ ಕೆಲಸಕ್ಕೆ ಹೋಗುತ್ತಾರೆ. ಮಗ ಇಲಿನಾಯ್‌ನಲ್ಲಿ ಕಾಲೇಜು ಓದುತ್ತಾನೆ. ವರ್ಷಕ್ಕೆ ನಾಲ್ಕೈದು ಸಲ ನುವಾರ್ಕ್‌ನಿಂದ ಶಿಕಾಗೋದ ಒ’ಹೇರ್‌ಗೆ ಹೋಗಿ ಬರುತ್ತಾನೆ, ಬೆನ್ನಿಗೊಂದು ಬ್ಯಾಗು ಹಾಕಿಕೊಂಡು, ಅಷ್ಟೇ. ಇಷ್ಟು ಹೇಳಿದರೆ ಈ ಲೇಖನದ ಅರ್ಧ ಉತ್ತರ ಹೇಳಿದ ಹಾಗೆ. ನುವಾರ್ಕ್ ಮತ್ತು ಒ’ಹೇರ್ ಎರಡೂ ಯುನೈಟೆಡ್ ಏರ್‌ಲೈನ್ಸ್‌ನ ಹಬ್‌ಗಳು, ಅಂದರೆ ಮುಖ್ಯ ನೆಲೆಗಳು. ಕಾರ್ಡು ಆರಿಸುವ ಮುಂಚೆ ನಿಮ್ಮ ಹತ್ತಿರದ ವಿಮಾನ ನಿಲ್ದಾಣದಿಂದ ಯಾರ ವಿಮಾನ ಜಾಸ್ತಿ ಹಾರುತ್ತದೆ ಅಂತ ನೋಡಿ. ಅಟ್ಲಾಂಟಾ, ಡೆಟ್ರಾಯಿಟ್, ಮಿನಿಯಾಪೊಲಿಸ್‌ನವರು ಯುನೈಟೆಡ್ ಕಾರ್ಡು ಇಟ್ಟುಕೊಂಡು ಏನು ಮಾಡುತ್ತಾರೆ? ಅಲ್ಲಿ ಡೆಲ್ಟಾದ್ದೇ ದರ್ಬಾರು. ಡಲ್ಲಸ್, ಶಾರ್ಲಟ್, ಫಿಲಡೆಲ್ಫಿಯಾದಲ್ಲಿ ಅಮೆರಿಕನ್ ಏರ್‌ಲೈನ್ಸ್. ಬಾಸ್ಟನ್ ಮತ್ತು ನ್ಯೂಯಾರ್ಕಿನ ಜೆಎಫ್‌ಕೆಯಲ್ಲಿ ಜೆಟ್‌ಬ್ಲೂ. ಕಾರ್ಡಿನ ಚಂದ ನೋಡಿ ಏರ್‌ಲೈನ್ ಆರಿಸಬೇಡಿ, ನಿಲ್ದಾಣ ನೋಡಿ ಆರಿಸಿ.

ಆ ಚಳಿಗಾಲ ಪೂರ್ತಿ ನಾಲ್ಕು ಕಾರ್ಡುಗಳ ಷರತ್ತಿನ ಪುಟಗಳನ್ನು ಓದಿದೆ: ಯುನೈಟೆಡ್ ಗೇಟ್‌ವೇ, ಡೆಲ್ಟಾ ಸ್ಕೈಮೈಲ್ಸ್ ಬ್ಲೂ, ಅಮೆರಿಕನ್ ಏರ್‌ಲೈನ್ಸ್ ಮೈಲ್‌ಅಪ್, ಮತ್ತೆ ಜೆಟ್‌ಬ್ಲೂ ಕಾರ್ಡು. ಸೌತ್‌ವೆಸ್ಟ್‌ನ ಕಾರ್ಡುಗಳಿಗೆ ವರ್ಷ ವರ್ಷ ಶುಲ್ಕ ಇತ್ತು, ಹಾಗಾಗಿ ಅವನ್ನು ಪಟ್ಟಿಗೇ ಸೇರಿಸಲಿಲ್ಲ.

ನಾನು ತೆಗೆದುಕೊಂಡಿದ್ದು ಚೇಸ್ ಬ್ಯಾಂಕು ಕೊಡುವ ಯುನೈಟೆಡ್ ಗೇಟ್‌ವೇ. 2023ರ ಫೆಬ್ರವರಿಯಿಂದ ಕೈಯಲ್ಲಿದೆ. ಯುನೈಟೆಡ್ ಟಿಕೆಟ್‌ಗೆ ಡಾಲರಿಗೆ 2 ಮೈಲ್ಸ್ (ದುಡ್ಡಿನ ಬದಲು ಟಿಕೆಟ್ ಕೊಳ್ಳಲು ಬಳಸುವ ಪಾಯಿಂಟ್) ಕೊಡುತ್ತದೆ, ಅದು ಎಲ್ಲ ಏರ್‌ಲೈನ್ ಕಾರ್ಡೂ ಕೊಡುವ ಮಾತು. ನನ್ನ ಕಣ್ಣು ಬಿದ್ದಿದ್ದು ಇನ್ನೊಂದು ಸಾಲಿನ ಮೇಲೆ. ಗ್ಯಾಸ್ ಸ್ಟೇಷನ್ (ಪೆಟ್ರೋಲ್ ಬಂಕ್) ಮತ್ತು ದಿನನಿತ್ಯದ ಓಡಾಟಕ್ಕೂ ಡಾಲರಿಗೆ 2 ಮೈಲ್ಸ್. ಓಡಾಟ ಅಂದರೆ ರೈಲು ಟಿಕೆಟ್, ಬಸ್ಸು, ಟ್ಯಾಕ್ಸಿ, ಊಬರ್, ರಸ್ತೆ ಟೋಲ್ ಎಲ್ಲ ಸೇರಿತು. ನ್ಯೂಜೆರ್ಸಿಯವರಿಗೆ ಇದು ಹೇಳಿ ಮಾಡಿಸಿದ ಹಾಗಿದೆ. ನಮ್ಮ ಮನೆಯಲ್ಲಿ ರೈಲಿನ ತಿಂಗಳ ಪಾಸು, ಈಝೀಪಾಸ್ ಟೋಲು, ಎರಡು ಕಾರಿನ ಗ್ಯಾಸು ಎಲ್ಲ ಕೂಡಿದರೆ ತಿಂಗಳಿಗೆ 600 ಡಾಲರ್ ಹತ್ತಿರ ಬರುತ್ತದೆ. ಹೇಗಿದ್ದರೂ ಆಗುವ ಖರ್ಚು. ಅದು ತಿಂಗಳಿಗೆ 1,200 ಮೈಲ್ಸ್, ವರ್ಷಕ್ಕೆ 14,400.

ಹಾಗಾದರೆ 14,400 ಮೈಲ್ಸ್ ಅಂದರೆ ಎಷ್ಟು ದುಡ್ಡು? ಇದನ್ನು ಯಾರ ಮಾತು ಕೇಳಿಯೂ ನಂಬಬೇಡಿ, ನೀವೇ ಲೆಕ್ಕ ಹಾಕಿ. ನಾನು ಮಾಡುವುದು ಹೀಗೆ. ನಿಜವಾಗಿ ಹೋಗಬೇಕಾದ ಒಂದು ಟಿಕೆಟ್ ತೆರೆದು, ಡಾಲರ್ ಬೆಲೆ ಮತ್ತು ಮೈಲ್ಸ್ ಬೆಲೆ ಎರಡನ್ನೂ ಬರೆದುಕೊಳ್ಳುತ್ತೇನೆ. ಮಗನ ಒಂದು ಕಡೆಯ ಟಿಕೆಟ್ ಒಂದು ಸಲ 148 ಡಾಲರ್ ಇತ್ತು. ಮೈಲ್ಸ್‌ನಲ್ಲಾದರೆ 12,000, ಜೊತೆಗೆ 5 ಡಾಲರ್ 60 ಸೆಂಟ್ಸ್. ಆ 5.60 ಸರ್ಕಾರದ ಭದ್ರತಾ ಶುಲ್ಕ. ಮೈಲ್ಸ್ ಟಿಕೆಟ್ ಆದರೂ ಒಂದೊಂದು ಕಡೆಯ ಪ್ರಯಾಣಕ್ಕೂ ಅದನ್ನು ಕಟ್ಟಲೇಬೇಕು. 148ರಲ್ಲಿ 5.60 ಕಳೆದು 12,000ದಿಂದ ಭಾಗಿಸಿದರೆ ಒಂದು ಮೈಲ್‌ಗೆ ಸುಮಾರು 1.2 ಸೆಂಟ್ಸ್ ಬಂತು. ಎಷ್ಟೋ ಸಲ ಲೆಕ್ಕ ಹಾಕಿದ್ದೇನೆ, ಮಾಮೂಲಿ ದಿನಗಳಲ್ಲಿ ಇದೇ ಸುತ್ತಮುತ್ತ ಬರುತ್ತದೆ.

ಈಗ ಇದನ್ನು ಒಂದು ಸಾದಾ ಕ್ಯಾಶ್‌ಬ್ಯಾಕ್ ಕಾರ್ಡಿನ ಪಕ್ಕದಲ್ಲಿ ಇಡಿ. ಸಿಟಿ ಡಬಲ್ ಕ್ಯಾಶ್, ವೆಲ್ಸ್ ಫಾರ್ಗೋ ಆಕ್ಟಿವ್ ಕ್ಯಾಶ್ ಥರದ ಕಾರ್ಡುಗಳಿಗೂ ವಾರ್ಷಿಕ ಶುಲ್ಕ ಇಲ್ಲ. ಅವು ಎಲ್ಲ ಖರ್ಚಿಗೂ 2 ಪರ್ಸೆಂಟ್ ಕೊಡುತ್ತವೆ. ನಮ್ಮ ಓಡಾಟದ ಖರ್ಚು ವರ್ಷಕ್ಕೆ 7,200 ಡಾಲರ್. ಕ್ಯಾಶ್‌ಬ್ಯಾಕ್ ಆದರೆ 144 ಡಾಲರ್ ಕೈಗೆ ಬರುತ್ತದೆ. ಗೇಟ್‌ವೇ ಆದರೆ 14,400 ಮೈಲ್ಸ್, ಅಂದರೆ ಹೆಚ್ಚು ಕಡಿಮೆ 172 ಡಾಲರ್ ಬೆಲೆಯ ಟಿಕೆಟ್. ಗೇಟ್‌ವೇ ಸ್ವಲ್ಪ ಮುಂದಿದೆ.

ಆದರೆ ಉಳಿದ ಖರ್ಚಿಗೆ ಬನ್ನಿ. ಫೋನ್ ಬಿಲ್ಲು, ಬಟ್ಟೆ, ಔಷಧಿ, ಮನೆ ರಿಪೇರಿ ಇವಕ್ಕೆಲ್ಲ ಗೇಟ್‌ವೇ ಕೊಡುವುದು ಡಾಲರಿಗೆ ಒಂದೇ ಮೈಲ್. ತಿಂಗಳಿಗೆ ಸಾವಿರ ಡಾಲರ್ ಇಂಥ ಖರ್ಚನ್ನು ಇದರ ಮೇಲೆ ಹಾಕಿದರೆ ವರ್ಷಕ್ಕೆ 144 ಡಾಲರ್ ಬೆಲೆಯ ಮೈಲ್ಸ್. ಅದೇ 2 ಪರ್ಸೆಂಟ್ ಕಾರ್ಡಿನ ಮೇಲೆ ಹಾಕಿದರೆ 240 ಡಾಲರ್. ಸುಮ್ನೆ 96 ಡಾಲರ್ ಕಳೆದುಕೊಂಡ ಹಾಗೆ. ನನಗೆ ಶುಲ್ಕ ಕಟ್ಟಿ ನೋವಾಗಿದ್ದು 99 ಡಾಲರ್‌ಗೆ. ಶುಲ್ಕವಿಲ್ಲದ ಕಾರ್ಡನ್ನು ತಪ್ಪಾಗಿ ಬಳಸಿದರೂ ಹೆಚ್ಚು ಕಡಿಮೆ ಅಷ್ಟೇ ಹೋಗುತ್ತದೆ, ಬಿಲ್ಲಿನಲ್ಲಿ ಮಾತ್ರ ಕಾಣುವುದಿಲ್ಲ. ಈ ಲೆಕ್ಕ ಮುಗಿಸಿದ ದಿನವೇ ಯಜಮಾನರ ಪರ್ಸಿನಲ್ಲಿದ್ದ ಗೇಟ್‌ವೇ ಮೇಲೆ ಒಂದು ಚೀಟಿ ಅಂಟಿಸಿದೆ: ರೈಲು, ಟೋಲು, ಗ್ಯಾಸು, ಯುನೈಟೆಡ್. ಬೇರೆ ಯಾವುದಕ್ಕೂ ಬೇಡ. ಅವರು ಇವತ್ತಿಗೂ ಆ ಚೀಟಿ ಪಾಲಿಸುತ್ತಾರೆ.

ಸೇರುವಾಗ ಕೊಡುವ ಬೋನಸ್ ಬಗ್ಗೆ ಒಂದು ಮಾತು. ನನಗೆ ಮೂರು ತಿಂಗಳಲ್ಲಿ 1,000 ಡಾಲರ್ ಖರ್ಚು ಮಾಡಿದ್ದಕ್ಕೆ 20,000 ಮೈಲ್ಸ್ ಸಿಕ್ಕಿತು. ಶುಲ್ಕವಿರುವ ಕಾರ್ಡುಗಳ ಬೋನಸ್ ಇದಕ್ಕಿಂತ ಎಷ್ಟೋ ದೊಡ್ಡದು, ಅದು ನಿಜ. ಈ ಅಂಕಿಗಳು ಆಗಾಗ ಏರುತ್ತವೆ, ಇಳಿಯುತ್ತವೆ. ಅರ್ಜಿ ಹಾಕುವ ದಿನ ನೋಡಿಕೊಳ್ಳಿ. ಇನ್ನೊಂದು ವಿಷಯ, ಚೇಸ್ ಎಲ್ಲೂ ಬರೆದು ಹಾಕದ, ಆದರೆ ಎಲ್ಲರಿಗೂ ಗೊತ್ತಿರುವ 5/24 ನಿಯಮ. ಕಳೆದ 24 ತಿಂಗಳಲ್ಲಿ ಯಾವುದೇ ಬ್ಯಾಂಕಿನಿಂದ ಐದು ಅಥವಾ ಹೆಚ್ಚು ಹೊಸ ಕಾರ್ಡು ತೆಗೆದುಕೊಂಡಿದ್ದರೆ ಚೇಸ್ ಸಾಮಾನ್ಯವಾಗಿ ಕೊಡುವುದಿಲ್ಲ. ಅಂಗಡಿಗಳ ಬಿಲ್ಲಿಂಗ್ ಕೌಂಟರಿನಲ್ಲಿ 15 ಪರ್ಸೆಂಟ್ ಡಿಸ್ಕೌಂಟ್ ಆಸೆಗೆ ಕಾರ್ಡು ತೆಗೆದುಕೊಳ್ಳುವವರು ಇದನ್ನು ನೆನಪಿಟ್ಟುಕೊಳ್ಳಿ.

ಗೇಟ್‌ವೇ ಬಗ್ಗೆ ನನಗೆ ನಿಜವಾದ ಪ್ರೀತಿ ಹುಟ್ಟಿದ್ದು 2024ರ ಮಾರ್ಚ್‌ನಲ್ಲಿ. ಮಗನಿಗೆ ಜ್ವರ ಬಂದು ನಾಲ್ಕು ದಿನ ಆಗಿತ್ತು. ಫೋನಿನಲ್ಲಿ ಧ್ವನಿ ಕೇಳಿದ ಕೂಡಲೇ ಇವತ್ತೇ ಹೋಗಬೇಕು ಅನಿಸಿತು. ಆ ಸಂಜೆಯ ವಿಮಾನದ ಬೆಲೆ 412 ಡಾಲರ್. ಮೈಲ್ಸ್ ನೋಡಿದರೆ 22,500 ಮತ್ತು ಅದೇ 5.60. ಖಾತೆಯಲ್ಲಿ ಅಷ್ಟು ಇತ್ತು. ಒಂದು ಮೈಲ್‌ಗೆ 1.8 ಸೆಂಟ್ಸ್ ಬಿತ್ತು ಅಂತ ಆಮೇಲೆ ಲೆಕ್ಕ ಹಾಕಿದೆ. ಆ ಹೊತ್ತಿನಲ್ಲಿ ಲೆಕ್ಕ ಯಾರಿಗೆ ಬೇಕು? ರಾತ್ರಿ ಹತ್ತೂವರೆಗೆ ಅವನ ರೂಮಿನಲ್ಲಿದ್ದೆ. ವಾಪಸ್ ಬರುವ ದಿನ ಗೊತ್ತಿರಲಿಲ್ಲ, ಹಾಗಾಗಿ ಒಂದು ಅಂದಾಜಿನ ದಿನಕ್ಕೆ ಮೈಲ್ಸ್‌ನಲ್ಲೇ ಬುಕ್ ಮಾಡಿದೆ. ಆಮೇಲೆ ರದ್ದು ಮಾಡಿ ಎರಡು ದಿನ ಮುಂದಕ್ಕೆ ಹಾಕಿದೆ. ಯುನೈಟೆಡ್‌ನಲ್ಲಿ ಮೈಲ್ಸ್ ಟಿಕೆಟ್ಟನ್ನು ವಿಮಾನ ಹೊರಡುವ ಮುಂಚೆ ರದ್ದು ಮಾಡಿದರೆ ಮೈಲ್ಸ್ ಪೂರ್ತಿ ವಾಪಸ್ ಬರುತ್ತದೆ, ದಂಡ ಇಲ್ಲ. ಮೈಲ್ಸ್ ಕೂಡಿಡುವುದು ಯಾಕೆ ಅಂತ ಕೇಳುವವರಿಗೆ ನಾನು ಈ ಒಂದು ಕಾರಣವನ್ನೇ ಹೇಳುತ್ತೇನೆ.

ಅದೇ ತಿಂಗಳು ಯುನೈಟೆಡ್ ಇನ್ನೊಂದು ಒಳ್ಳೆಯ ಕೆಲಸ ಮಾಡಿತು. ಐದು ಜನರ ತನಕ ತಮ್ಮ ಮೈಲ್ಸ್ ಒಂದೇ ಕಡೆ ಸೇರಿಸಿಟ್ಟುಕೊಳ್ಳಲು ಬಿಟ್ಟಿತು, ದುಡ್ಡು ಕೇಳದೆ. ಮಗನ ಖಾತೆಯಲ್ಲಿ 3,000, ಯಜಮಾನರದ್ದರಲ್ಲಿ 5,000, ಹೀಗೆ ಯಾವುದಕ್ಕೂ ಸಾಲದೆ ಬಿದ್ದಿದ್ದ ಚೂರುಗಳೆಲ್ಲ ಒಂದಾದವು. ಆದರೆ ಹಾಗೆ ಕೂಡಿಸಿದ ಮೈಲ್ಸ್ ಯುನೈಟೆಡ್ ಮತ್ತು ಯುನೈಟೆಡ್ ಎಕ್ಸ್‌ಪ್ರೆಸ್ ವಿಮಾನಕ್ಕೆ ಮಾತ್ರ. ಬೆಂಗಳೂರಿಗೆ ಯುನೈಟೆಡ್‌ನ ಜೊತೆಗಾರ ಕಂಪನಿಗಳಾದ ಲುಫ್ತಾನ್ಸಾದಲ್ಲೋ ಏರ್ ಇಂಡಿಯಾದಲ್ಲೋ ಹೋಗಬೇಕು ಅಂದರೆ ನಿಮ್ಮ ಸ್ವಂತ ಖಾತೆಯ ಮೈಲ್ಸ್ ಬೇಕು. ಇಡೀ ಕುಟುಂಬ ಬೆಂಗಳೂರಿಗೆ ಹೋಗಿಬರಲು ಈ ಕಾರ್ಡಿನ ಮೈಲ್ಸ್ ಸಾಕಾಗುತ್ತದೆ ಅಂತ ಮಾತ್ರ ಎಣಿಸಬೇಡಿ. ವರ್ಷಕ್ಕೆ 14,400ರ ವೇಗದಲ್ಲಿ ಅದು ತುಂಬಾ ದೂರದ ದಾರಿ. ಸದ್ಯ, ಯುನೈಟೆಡ್ ಮೈಲ್ಸ್‌ಗೆ 2019ರಿಂದ ಅವಧಿ ಮುಗಿಯುವ ಭಯ ಇಲ್ಲ, ನಿಧಾನವಾಗಿ ಕೂಡಿಡಬಹುದು.

ನನ್ನ ತಂಗಿ ಶಾರ್ಲಟ್‌ನಲ್ಲಿದ್ದಾಳೆ. ಅವಳಿಗೆ ನಾನು ಗೇಟ್‌ವೇ ಹೇಳಲಿಲ್ಲ, ಸಿಟಿ ಬ್ಯಾಂಕಿನ ಮೈಲ್‌ಅಪ್ ಹೇಳಿದೆ. ಅಲ್ಲಿ ಅಮೆರಿಕನ್ ಬಿಟ್ಟರೆ ಬೇರೆ ದಾರಿ ಕಮ್ಮಿ. ಮೈಲ್‌ಅಪ್ ದಿನಸಿ ಅಂಗಡಿಯ ಖರ್ಚಿಗೆ ಡಾಲರಿಗೆ 2 ಮೈಲ್ಸ್ ಕೊಡುತ್ತದೆ. ಮನೆಯಲ್ಲೇ ಅಡುಗೆ ಮಾಡುವವರಿಗೆ ಇದು ದೊಡ್ಡ ವಿಷಯ, ಅಲ್ವಾ? ಆದರೆ ದಿನಸಿ ಅಂಗಡಿ ಯಾವುದು ಅಂತ ನಿರ್ಧರಿಸುವುದು ನಾವಲ್ಲ. ಪ್ರತಿ ಅಂಗಡಿಗೂ ಕಾರ್ಡ್ ಕಂಪನಿಗಳ ಒಂದು ಕೋಡ್ ಇರುತ್ತದೆ. ದಿನಸಿ ಅಂಗಡಿಯ ಕೋಡ್ 5411. ವಾಲ್‌ಮಾರ್ಟ್, ಟಾರ್ಗೆಟ್ ಥರದ ದೊಡ್ಡ ಅಂಗಡಿಗಳನ್ನು, ಸಗಟು ಕ್ಲಬ್‌ಗಳನ್ನು ಸಿಟಿ ದಿನಸಿ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಾಸ್ಟ್‌ಕೋದಲ್ಲಂತೂ ಈ ಕಾರ್ಡು ನಡೆಯುವುದೇ ಇಲ್ಲ. ಮೈಲ್‌ಅಪ್ ಮಾಸ್ಟರ್‌ಕಾರ್ಡ್, ಅಮೆರಿಕದ ಕಾಸ್ಟ್‌ಕೋ ಅಂಗಡಿಯಲ್ಲಿ ತೆಗೆದುಕೊಳ್ಳುವ ಕ್ರೆಡಿಟ್ ಕಾರ್ಡು ವೀಸಾ ಮಾತ್ರ. ತಿಂಗಳ ಅಕ್ಕಿ, ಬೇಳೆ, ಎಣ್ಣೆ ಎಲ್ಲ ಕಾಸ್ಟ್‌ಕೋದಲ್ಲೇ ಅನ್ನುವ ಮನೆಗೆ ಮೈಲ್‌ಅಪ್‌ನ ಅರ್ಧ ಲಾಭ ಅಲ್ಲೇ ಹೋಯಿತು. ತಂಗಿ ತರಕಾರಿ, ಹಾಲು, ಮೊಸರನ್ನು ಹ್ಯಾರಿಸ್ ಟೀಟರ್‌ನಲ್ಲಿ ತರುತ್ತಾಳೆ, ಅವಳಿಗೆ ಸರಿಹೋಯಿತು.

ಮೈಲ್‌ಅಪ್‌ನಲ್ಲಿ ಎರಡು ಗಮನಿಸಬೇಕು. ಒಂದು, ಈ ನಾಲ್ಕರಲ್ಲಿ ವಿದೇಶದ ಖರ್ಚಿಗೆ 3 ಪರ್ಸೆಂಟ್ ಹೆಚ್ಚು ಹಾಕುವ ಕಾರ್ಡು ಇದೊಂದೇ. ಊರಿಗೆ ಹೋದಾಗ ಒಂದು ಲಕ್ಷ ರೂಪಾಯಿಯ ಸೀರೆ, ಒಡವೆ ಕೊಂಡರೆ ಮೂರು ಸಾವಿರ ರೂಪಾಯಿ ಸುಮ್ಮನೆ ಕೊಟ್ಟ ಹಾಗೆ. ಇಂಡಿಯಾಗೆ ಹೋಗುವಾಗ ಇದನ್ನು ಮನೆಯಲ್ಲೇ ಬಿಟ್ಟು ಹೋಗು ಅಂತ ತಂಗಿಗೆ ಕಟ್ಟುನಿಟ್ಟಾಗಿ ಹೇಳಿದ್ದೇನೆ. ಇನ್ನೊಂದು, ಅಮೆರಿಕನ್‌ನಲ್ಲಿ 24 ತಿಂಗಳು ಖಾತೆಯಲ್ಲಿ ಏನೂ ಚಟುವಟಿಕೆ ಇಲ್ಲದಿದ್ದರೆ ಮೈಲ್ಸ್ ಹೋಗಿಬಿಡುತ್ತದೆ ಅನ್ನುವ ನಿಯಮ ಇದೆ. ಕಾರ್ಡಿನಲ್ಲಿ ಒಂದು ಸಲ ಹಾಲು ತಂದರೂ ಅದು ಚಟುವಟಿಕೆಯೇ. ವಿಮಾನ ಹತ್ತದವರ ಮೈಲ್ಸ್ ಕಾಪಾಡಲು ಮೈಲ್‌ಅಪ್ ಒಳ್ಳೆಯ ಉಪಾಯ.

ಡೆಲ್ಟಾ ಬ್ಲೂ ಅಮೆರಿಕನ್ ಎಕ್ಸ್‌ಪ್ರೆಸ್ (ಅಮೆಕ್ಸ್) ನವರದ್ದು. ಪ್ರಪಂಚದ ಯಾವ ಹೋಟೆಲಿನಲ್ಲಿ ಊಟ ಮಾಡಿದರೂ ಡಾಲರಿಗೆ 2 ಮೈಲ್ಸ್, ವಿದೇಶದ ಶುಲ್ಕ ಇಲ್ಲ, ಮೈಲ್ಸ್‌ಗೆ ಅವಧಿ ಇಲ್ಲ. ಹೊರಗೆ ತಿನ್ನುವ ರೂಢಿ ಇರುವ, ಅಟ್ಲಾಂಟಾದಂಥ ಊರಿನಲ್ಲಿರುವ ಹುಡುಗ ಹುಡುಗಿಯರಿಗೆ ನಾನು ಧೈರ್ಯವಾಗಿ ಹೇಳುತ್ತೇನೆ. ಇಂಡಿಯಾದ ಸಣ್ಣ ಅಂಗಡಿಗಳಲ್ಲಿ ಅಮೆಕ್ಸ್ ತೆಗೆದುಕೊಳ್ಳುವುದು ಕಮ್ಮಿ, ಅಷ್ಟು ನೆನಪಿರಲಿ. ಅಮೆಕ್ಸ್‌ನಲ್ಲಿ ಒಂದು ಕಾರ್ಡಿನ ಬೋನಸ್ ಸಾಮಾನ್ಯವಾಗಿ ಜೀವನದಲ್ಲಿ ಒಂದೇ ಸಲ. ಮೊದಲೇ ಶುಲ್ಕವಿರುವ ಡೆಲ್ಟಾ ಗೋಲ್ಡ್ ಕಾರ್ಡು ತೆಗೆದುಕೊಂಡವರಿಗೆ ಆಮೇಲೆ ಬ್ಲೂ ಬೋನಸ್ ಸಿಗದೇ ಹೋಗಬಹುದು. ಎರಡೂ ಬೇಕು ಅನ್ನುವವರು ಬ್ಲೂನಿಂದ ಶುರು ಮಾಡಿ.

ಜೆಟ್‌ಬ್ಲೂ ಕಾರ್ಡು ಕೊಡುವಿಕೆಯಲ್ಲಿ ಎಲ್ಲಕ್ಕಿಂತ ಉದಾರ. ಅವರ ಟಿಕೆಟ್‌ಗೆ 3 ಪಾಯಿಂಟ್, ಹೋಟೆಲಿನ ಊಟಕ್ಕೂ ದಿನಸಿಗೂ 2, ವಿಮಾನದೊಳಗಿನ ತಿಂಡಿಗೆ ಅರ್ಧ ಬೆಲೆ. ನಾನು ಬಾಸ್ಟನ್‌ನಲ್ಲಿದ್ದಿದ್ದರೆ ಬೇರೆ ಯೋಚನೆಯೇ ಮಾಡುತ್ತಿರಲಿಲ್ಲ. ಆದರೆ ಜೆಟ್‌ಬ್ಲೂ ವಿಮಾನಗಳು ಇಂಡಿಯಾಕ್ಕೆ ಹೋಗುವುದಿಲ್ಲ.

ಇನ್ನು ಬ್ಯಾಗಿನ ವಿಷಯ. ನನಗೆ ಬರುವ ಫೋನುಗಳಲ್ಲಿ ಅರ್ಧ ಇದರ ಬಗ್ಗೆಯೇ. ಏರ್‌ಲೈನ್ ಕಾರ್ಡು ಅಂದಕೂಡಲೇ ಎಲ್ಲರೂ ಬ್ಯಾಗು ಫ್ರೀ ಅಂದುಕೊಳ್ಳುತ್ತಾರೆ. ಈ ನಾಲ್ಕರಲ್ಲಿ ಯಾವುದೂ ಕಾರ್ಡು ಕೈಗೆ ಬಂದ ಮಾತ್ರಕ್ಕೆ ಬ್ಯಾಗು ಉಚಿತ ಮಾಡುವುದಿಲ್ಲ. ಅದು ಸಿಗುವುದು ಶುಲ್ಕವಿರುವ ಅಣ್ಣಂದಿರಲ್ಲಿ. 2025ರಲ್ಲಿ ಯುನೈಟೆಡ್ ಎಕ್ಸ್‌ಪ್ಲೋರರ್‌ಗೂ ಡೆಲ್ಟಾ ಗೋಲ್ಡ್‌ಗೂ ವರ್ಷಕ್ಕೆ 150 ಡಾಲರ್ ಇತ್ತು. ಒಂದು ಬ್ಯಾಗಿಗೆ ಒಂದು ಕಡೆಗೆ 35 ಡಾಲರ್ ಅಂತ ಹಿಡಿದರೆ, ಗಂಡ ಹೆಂಡತಿ ಒಂದೊಂದು ಬ್ಯಾಗಿನ ಜೊತೆ ಒಮ್ಮೆ ಹೋಗಿ ಬಂದರೆ 140. ಎರಡು ಸಲ ಹೋಗಿ ಬಂದರೆ 280. ವರ್ಷಕ್ಕೆ ಎರಡು ಸಲ ದೇಶದೊಳಗೇ ಬ್ಯಾಗು ಚೆಕ್-ಇನ್ ಮಾಡಿ ಹೋಗುವ ಮನೆಯವರಿಗೆ ನಾನು ಶುಲ್ಕವಿಲ್ಲದ ಕಾರ್ಡನ್ನು ಹೇಳುವುದೇ ಇಲ್ಲ. ಅವರು ಶುಲ್ಕ ಕಟ್ಟಿದರೇ ಲಾಭ. ಟಿಕೆಟ್ಟನ್ನು ಮಾತ್ರ ಅದೇ ಕಾರ್ಡಿನಲ್ಲಿ ಕೊಳ್ಳಬೇಕು, ಇಲ್ಲದಿದ್ದರೆ ಎಕ್ಸ್‌ಪ್ಲೋರರ್‌ನಲ್ಲಿ ಬ್ಯಾಗಿನ ಸೌಲಭ್ಯ ಸಿಗುವುದಿಲ್ಲ. ಇಂಡಿಯಾ ಟಿಕೆಟ್‌ನಲ್ಲಿ ಸಾಮಾನ್ಯವಾಗಿ ಬ್ಯಾಗು ಸೇರಿಯೇ ಇರುತ್ತದೆ, ಅದನ್ನು ಈ ಲೆಕ್ಕಕ್ಕೆ ತರಬೇಡಿ.

ಬಡ್ಡಿ ಬಗ್ಗೆ ಒಂದೇ ಸಾಲು. ಈ ಕಾರ್ಡುಗಳ ಬಡ್ಡಿ ವರ್ಷಕ್ಕೆ 20 ಪರ್ಸೆಂಟ್ ಸುತ್ತಮುತ್ತ ಅಥವಾ ಅದಕ್ಕಿಂತ ಜಾಸ್ತಿ, ಹಾಗಾಗಿ ಪ್ರತಿ ತಿಂಗಳು ಪೂರ್ತಿ ಬಿಲ್ಲು ಕಟ್ಟಲು ಆಗದಿದ್ದರೆ ಮೈಲ್ಸ್ ಯೋಚನೆಯನ್ನೇ ಬಿಡಿ.

ನಮ್ಮ ಮನೆಯಲ್ಲಿ ಈ ಲೆಕ್ಕ ಸದ್ಯದಲ್ಲೇ ಬದಲಾಗಬಹುದು. ಮೇ ತಿಂಗಳಲ್ಲಿ ಮಗನ ಗ್ರಾಜುಯೇಷನ್. ಹೋಗುವಾಗ ಇಬ್ಬರಿಗೂ ಮೈಲ್ಸ್‌ನಲ್ಲೇ ಟಿಕೆಟ್ ಮಾಡಿದ್ದೇನೆ, ಒಬ್ಬರಿಗೆ 11,000ದಂತೆ. ಬರುವಾಗ ಅವನ ನಾಲ್ಕು ವರ್ಷದ ಸಾಮಾನು ಇದೆ, ಎಷ್ಟು ಬ್ಯಾಗಾಗುತ್ತದೋ ಅವನಿಗೇ ಗೊತ್ತಿಲ್ಲ. ಆ ಒಂದು ಪ್ರಯಾಣಕ್ಕೋಸ್ಕರ ಎಕ್ಸ್‌ಪ್ಲೋರರ್ ತೆಗೆದುಕೊಳ್ಳೋಣವೇ ಅಂತ ಯಜಮಾನರು ಕೇಳಿದರು. ಬ್ಯಾಗು ಎಣಿಸಿ ಹೇಳು ಅಂತ ಮಗನಿಗೆ ಮೆಸೇಜ್ ಹಾಕಿದ್ದೇನೆ.